ಟ್ರೇಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ? ತಟ್ಟೆಯೋ, ಹರಿವಾಣವೋ, ಮರಿಗೆಯೋ?

ಪದಸಂಚಿ:

ಅಡುಗೆಮನೆಯ ಉಪಕರಣಗಳ ಜೊತೆ ಬರುವ ಕೈಪಿಡಿಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಈ ವಾರ ನನ್ನ ಮುಂದಿರುವುದು ಒಂದು ಓವನ್ನಿನ ಕೈಪಿಡಿ. ಅದರಲ್ಲಿ ‘ಟ್ರೇ’ ಎಂಬ ಪದ 41 ಸಲ ಬರುತ್ತದೆ. ಬೇಯಿಸಲು ಒಂದು ಟ್ರೇ, ತೊಟ್ಟಿಕ್ಕುವ ಜಿಡ್ಡನ್ನು ಹಿಡಿಯಲು ಅದರ ಕೆಳಗೆ ಇನ್ನೊಂದು, ಬ್ರೆಡ್ಡಿನ ಪುಡಿ ಉದುರಿದರೆ ಎಳೆದು ಝಾಡಿಸಲು ಮತ್ತೊಂದು.

ಮೊದಲ ಕರಡಿನಲ್ಲಿ ಎಲ್ಲ ಕಡೆ ‘ತಟ್ಟೆ’ ಎಂದು ಬರೆದೆ. ಅಚ್ಚಿಗೆ ಹೋಗುವ ಮೊದಲು ಅಮ್ಮನಿಗೆ ಓದಲು ಕೊಡುವುದು ನನ್ನ ರೂಢಿ. ಅವರು “ಹಿಟ್ಟನ್ನು ತಟ್ಟೆಗೆ ಸುರಿದು ಒಳಗಿಡಿ” ಎಂಬ ಸಾಲಿನ ಮೇಲೆ ಬೆರಳಿಟ್ಟು, “ನಾವು ಊಟ ಮಾಡುವ ತಟ್ಟೆಯನ್ನೇ ಇಡಬಹುದೇ? ಮೆಲಮೈನ್ ತಟ್ಟೆಯಾದರೆ ಏನಾಗುತ್ತದೆ?” ಎಂದು ಕೇಳಿದರು. ನನಗೆ ಎದೆ ಧಸಕ್ಕೆಂದಿತು. ಅವರು ಕೇಳದೇ ಹೋಗಿದ್ದರೆ ಆ ಸಾಲು ಹಾಗೆಯೇ ಅಚ್ಚಾಗುತ್ತಿತ್ತು, ಯಾರದೋ ಮನೆಯಲ್ಲಿ ತಟ್ಟೆ ಸುಟ್ಟು ಹೊಗೆ ತುಂಬುತ್ತಿತ್ತು.

ಹಾಗಾದರೆ ‘ಟ್ರೇ’ ಎಂದೇ ಉಳಿಸೋಣವೆಂದರೆ, ಕರಡು ತಿದ್ದುವವರು ಅಂಚಿನಲ್ಲಿ “ಇದಕ್ಕೆ ಕನ್ನಡದಲ್ಲಿ ಪದವಿಲ್ಲವೇ?” ಎಂದು ಬರೆದು ಕಳಿಸಿದ್ದಾರೆ. ಟ್ರೇ ಎಂಬ ಪದದ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ಇಲ್ಲ ಎಂದು ಉತ್ತರ ಬರೆಯುವ ಮೊದಲು ಕೇಳಿ ನೋಡಬೇಕೆನಿಸಿತು. ನಿಮ್ಮ ಊರಿನಲ್ಲಿ, ನಿಮ್ಮ ಕಸುಬಿನಲ್ಲಿ ಅಂಚು ಎತ್ತಿದ ಚಪ್ಪಟೆ ಪಾತ್ರೆಗೆ ಏನೆನ್ನುತ್ತಾರೆ? ಅದರಲ್ಲಿ ಏನಿಡುತ್ತಾರೆ? ಯಾವುದರಿಂದ ಮಾಡುತ್ತಾರೆ? ನಿಘಂಟಿನಲ್ಲಿರುವುದು ನನ್ನ ಬಳಿಯೂ ಇದೆ. ನನಗೆ ಬೇಕಾದದ್ದು ನೀವು ಬಾಯಿ ತುಂಬ ಆಡುವ ಪದ.

ರಾತ್ರಿಪಾಳಿ:

ನಾನು ಆಸ್ಪತ್ರೆಯಲ್ಲಿ ದಾದಿ. ನಮ್ಮಲ್ಲಿ ಟ್ರೇ ಎಂದರೆ ಟ್ರೇ. ಔಷಧಿಯ ಟ್ರೇ, ಗಾಯಕ್ಕೆ ಪಟ್ಟಿ ಕಟ್ಟುವ ಟ್ರೇ, ಕಿಡ್ನಿ ಟ್ರೇ. ಕೊನೆಯದರ ಒಂದು ಬದಿ ಒಳಕ್ಕೆ ಬಾಗಿರುತ್ತದೆ. ರೋಗಿಗೆ ವಾಂತಿ ಬಂದಾಗ ಆ ಬಾಗಿದ ಬದಿಯನ್ನು ಗದ್ದದ ಕೆಳಗೆ ಒತ್ತಿ ಹಿಡಿದರೆ ಮೈಗೆ ಅಂಟಿ ಕೂರುತ್ತದೆ, ಒಂದು ಹನಿಯೂ ಹಾಸಿಗೆಗೆ ಬೀಳುವುದಿಲ್ಲ. ರಾತ್ರಿ ಎರಡು ಗಂಟೆಗೆ “ಟ್ರೇ ಕೊಡಿ” ಎಂದರೆ ಆಯಾ ಓಡಿ ತಂದು ಕೊಡುತ್ತಾರೆ. ಅಲ್ಲಿ ನನಗೆ ಬೇರೆ ಪದ ಬೇಡ.

ಬೇರುಬಿಳಲು:

ಇಂಗ್ಲಿಷಿನ ಟ್ರೇ ಎಲ್ಲಿಂದ ಬಂತೆಂದು ಮೊದಲು ನೋಡೋಣ. ಅದರ ಬುಡದಲ್ಲಿ ನಮಗೆಲ್ಲ ಗೊತ್ತಿರುವ ಪದವೊಂದು ಕುಳಿತಿದೆ.

ಹಳೆಯ ಇಂಗ್ಲಿಷಿನಲ್ಲಿ ಇದನ್ನು ‘ಟ್ರೀಗ್’ ಎಂದು ಬರೆಯುತ್ತಿದ್ದರು. ಅಂಚನ್ನು ಸ್ವಲ್ಪ ಎತ್ತರಿಸಿದ ಮರದ ಹಲಗೆ ಎಂದು ಅರ್ಥ. ಮರಕ್ಕೆ ಹೇಳುವ ‘ಟ್ರೀ’ಗೂ ಇದಕ್ಕೂ ಬೇರು ಒಂದೇ. ದನಕರುಗಳಿಗೆ ನೀರು ಮೇವು ಇಡುವ ಬಾನಿಗೆ ಅವರು ಹೇಳುವ ‘ಟ್ರಫ್’ ಕೂಡ ಅದೇ ಬುಡದ ಚಿಗುರು. ಅಂದರೆ ಟ್ರೇ ಎಂದರೆ ಮೂಲದಲ್ಲಿ ‘ಮರದ್ದು’ ಎಂದಷ್ಟೇ.

ಈಗ ಸಂಸ್ಕೃತದ ಕಡೆ ಬನ್ನಿ. ಮರಕ್ಕೆ ದಾರು, ದ್ರು, ದ್ರುಮ ಎನ್ನುತ್ತಾರೆ. ದೇವದಾರು ಮರದ ಹೆಸರಿನಲ್ಲಿರುವುದು ಇದೇ ದಾರು. ಸಂಸ್ಕೃತ, ಇಂಗ್ಲಿಷ್ ಎರಡೂ ಒಂದೇ ಮೂಲ ಭಾಷೆಯಿಂದ ಕವಲೊಡೆದವು. ಆ ಮೂಲದ ದಕಾರ ಇಂಗ್ಲಿಷ್ ಹುಟ್ಟಿದ ಜರ್ಮನಿಕ್ ಕವಲಿನಲ್ಲಿ ಟಕಾರವಾಯಿತು. ನಮ್ಮ ದ್ವಿ ಅವರ ಟೂ, ನಮ್ಮ ದಶ ಅವರ ಟೆನ್, ನಮ್ಮ ದಂತ ಅವರ ಟೂತ್. ಅದೇ ದಾರಿಯಲ್ಲಿ ನಮ್ಮಲ್ಲಿ ದ್ರು ಆದದ್ದು ಅವರಲ್ಲಿ ಟ್ರೀ ಆಯಿತು, ಅದರ ಮಗ್ಗುಲಲ್ಲಿ ಟ್ರೇ ಹುಟ್ಟಿತು. ದೇವದಾರು ಎಂದು ಬರೆಯುವ ಕೈ ಟ್ರೇ ಎಂದು ಬರೆದರೆ ತೀರಾ ಅಪರಿಚಿತರ ಮನೆಗೇನೂ ಹೋಗಿಲ್ಲ.

ಇನ್ನೂ ಒಂದು ಹೆಜ್ಜೆ ಇದೆ. ದ್ರು ಎಂಬುದರಿಂದ ಸಂಸ್ಕೃತದಲ್ಲಿ ‘ದ್ರೋಣ’ ಬಂತು. ಮರದ ಪಾತ್ರೆ, ಮರದ ತೊಟ್ಟಿ ಎಂದು ಅರ್ಥ. ಭರದ್ವಾಜರ ಮಗನಿಗೆ ದ್ರೋಣ ಎಂದು ಹೆಸರು ಬಂದದ್ದು ಆತ ಅಂಥ ಪಾತ್ರೆಯಲ್ಲಿ ಹುಟ್ಟಿದ ಕಾರಣಕ್ಕೆ. ಆ ಪಾತ್ರೆಯೇ ಮುಂದೆ ಧಾನ್ಯದ ಅಳತೆಯೂ ಆಯಿತು: ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣ. ಹಳೆಯ ಸ್ವೀಡಿಷ್ ಭಾಷೆಯಲ್ಲಿ ಟ್ರೇ ಪದದ ಒಡಹುಟ್ಟು ಕೂಡ ಧಾನ್ಯದ ಅಳತೆಯ ಹೆಸರೇ. ಇಬ್ಬರೂ ತಂತಮ್ಮ ಊರಿನಲ್ಲಿ ಮರದ ಪಾತ್ರೆಯಿಂದಲೇ ಕಾಳು ಅಳೆದರು.

ಇಷ್ಟೆಲ್ಲ ಬರೆದದ್ದು ಒಂದು ಕನ್ನಡ ಪದಕ್ಕಾಗಿ: ಮರಿಗೆ. ಮರದಿಂದ ಕಡೆದು ಮಾಡಿದ ಅಗಲ ಬಾಯಿಯ ಪಾತ್ರೆ. ಮರ ಎಂಬುದರಿಂದಲೇ ಬಂದ ಪದ. ಟ್ರೇಗೂ ಮರಿಗೆಗೂ ರಕ್ತಸಂಬಂಧವಿಲ್ಲ. ನಮ್ಮ ಮರ ತಮಿಳಿನ ಮರಮ್, ತೆಲುಗಿನ ಮ್ರಾನುಗಳ ಜೊತೆಗೆ ನಿಲ್ಲುವ ದ್ರಾವಿಡ ಪದ. ಆದರೆ ಎರಡು ಕುಲದವರು ಒಂದೇ ವಸ್ತುವನ್ನು ಕೈಗೆತ್ತಿಕೊಂಡು ಒಂದೇ ರೀತಿ ಹೆಸರಿಟ್ಟರು. ಟ್ರೇಗೆ ಕನ್ನಡದಲ್ಲಿ ಪದವಿಲ್ಲವೇ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಇದು.

ಶಿರಸಿ ಸೀಮೆ:

ಮರಿಗೆ ಎಂಬ ಪದವನ್ನು ಇಲ್ಲಿ ಓದಿ ಕೆಲಸ ಬಿಟ್ಟು ಅಟ್ಟ ಹತ್ತಿದೆ. ನಮ್ಮ ಮನೆಯಲ್ಲಿ ಒಂದು ಇದೆ, ಅಜ್ಜಿಯ ಕಾಲದ್ದು. ಹಲಸಿನ ಮರದ ಒಂದೇ ತುಂಡನ್ನು ಬಾಚಿಯಿಂದ ತೋಡಿ ಮಾಡಿದ್ದಾರೆ. ಎಲ್ಲಿಯೂ ಜೋಡಣೆಯಿಲ್ಲ, ಮೊಳೆಯಿಲ್ಲ. ಉದ್ದ ಎರಡು ಗೇಣು, ಅಗಲ ಒಂದು ಗೇಣಿಗಿಂತ ತುಸು ಹೆಚ್ಚು, ಆಳ ನಾಲ್ಕು ಬೆರಳು. ಎರಡು ತುದಿಯಲ್ಲಿ ಹಿಡಿದೆತ್ತಲು ಕಿವಿಯಂತೆ ಮರವನ್ನೇ ಬಿಟ್ಟಿದ್ದಾರೆ. ಒಳಮೈಯಲ್ಲಿ ಬಾಚಿಯ ಕಚ್ಚುಗಳು ಮೀನಿನ ಹುರುಪೆಯ ಹಾಗೆ ಸಾಲಾಗಿ ಕಾಣುತ್ತವೆ.

ಅದರಲ್ಲಿ ಉಪ್ಪು ಇಡುತ್ತಿದ್ದರು. ಮಳೆಗಾಲದ ನಾಲ್ಕು ತಿಂಗಳು ನಮ್ಮಲ್ಲಿ ಕಲ್ಲುಪ್ಪು ನೀರು ಬಿಡುತ್ತದೆ. ಕಬ್ಬಿಣದ ಡಬ್ಬಿಯಾದರೆ ತುಕ್ಕು ತಿಂದು ತಳ ಉದುರುತ್ತದೆ, ಹಿತ್ತಾಳೆಯಾದರೆ ಕಿಲುಬು. ಮರ ಮಾತ್ರ ಆ ನೀರನ್ನು ಕುಡಿದು ಸುಮ್ಮನಿರುತ್ತದೆ. ಆಮೇಲೆ ಪ್ಲಾಸ್ಟಿಕ್ ಡಬ್ಬಿ ಬಂತು, ಮರಿಗೆ ಅಟ್ಟ ಸೇರಿತು. ಇಂದು ಇಳಿಸಿ ನೋಡಿದರೆ ಒಣಗಿ ತಳದಲ್ಲಿ ಉಗುರು ಹೋಗುವಷ್ಟು ಬಿರುಕು ಬಿಟ್ಟಿದೆ. ನೋಡಿ ಸಂಕಟವಾಯಿತು. ಅಪ್ಪ ಅದನ್ನು ನೀರಿನಲ್ಲಿ ಮುಳುಗಿಸಿ ಇಡಲು ಹೇಳಿದ್ದಾರೆ.

ನೇತ್ರಾವತಿ:

ನಮ್ಮ ತುಳುವಿನಲ್ಲಿ ಮರದ ಬಟ್ಟಲಿಗೆ ಮರಾಯಿ ಎನ್ನುತ್ತೇವೆ. ಮೊರಕ್ಕೆ ತಡ್ಪೆ. ಫಲತಾಂಬೂಲ ಇಡುವುದು ಹರಿವಾಣದಲ್ಲಿ. ಪದಸಂಚಿಯವರು ಹರಿವಾಣ ಎಂದೇ ಏಕೆ ಬರೆಯಬಾರದು? ಅಗಲವಿದೆ, ಅಂಚಿದೆ, ಲೋಹದ್ದು.

ಪದಸಂಚಿ:

ನೇತ್ರಾವತಿಯವರೇ, ಹರಿವಾಣವನ್ನು ನಾನೂ ಬರೆದು ನೋಡಿದೆ. “ಜಿಡ್ಡು ತುಂಬಿದ ಹರಿವಾಣವನ್ನು ಹೊರಗೆ ತೆಗೆದು ಸಾಬೂನಿನಿಂದ ತೊಳೆಯಿರಿ.” ಬರೆದ ಕೂಡಲೇ ಅಳಿಸಿದೆ. ಹರಿವಾಣ ಎಂದರೆ ನನ್ನ ಕಣ್ಣೆದುರು ಬರುವುದು ತೆಂಗಿನಕಾಯಿ, ವೀಳ್ಯದೆಲೆ, ಹೂವು, ಆರತಿಯ ಬೆಳಕು. ಆ ಪದವನ್ನು ಓವನ್ನಿನ ತಳಕ್ಕೆ ತುರುಕಿದರೆ ಓವನ್ನಿಗೂ ಲಾಭವಿಲ್ಲ, ಹರಿವಾಣಕ್ಕೂ ಮರ್ಯಾದೆಯಿಲ್ಲ. ಅದು ಇರುವಲ್ಲೇ ಇರಲಿ.

ಶಿರಸಿಯವರೇ, ಮರಿಗೆಯ ಬಿರುಕು ಏನಾಯಿತೆಂದು ದಯವಿಟ್ಟು ತಿಳಿಸಿ.

ಕೃಷ್ಣೆಯ ದಡ:

ವಿಜಯಪುರದ ಕಡೆಯವನು ನಾನು. ನಮ್ಮಲ್ಲಿ ಉಣ್ಣುವುದು ತಾಟಿನಲ್ಲಿ, ಹಿಟ್ಟು ನಾದುವುದು ಪರಾತದಲ್ಲಿ ಅಥವಾ ಕೊಣಮಿಗೆಯಲ್ಲಿ, ಅರಿಸಿನ ಕುಂಕುಮ ಒಯ್ಯುವುದು ತಬಕಿನಲ್ಲಿ. ಇದರ ಕೆಲಸಕ್ಕೆ ಅದನ್ನು ತಂದರೆ ಮನೆಯಲ್ಲಿ ಬೈಯುತ್ತಾರೆ.

ಕೊಣಮಿಗೆ ಕಟ್ಟಿಗೆಯದು. ಜೋಳದ ಹಿಟ್ಟನ್ನು ಅದರಲ್ಲಿ ಗುಡ್ಡೆ ಮಾಡಿ, ನಡುವೆ ಕುಣಿ ತೋಡಿ, ಕುದಿಯುವ ಎಸರು ಹೊಯ್ಯುತ್ತಾರೆ. ಜೋಳದಲ್ಲಿ ಗೋಧಿಯ ಹಾಗೆ ಅಂಟಿಲ್ಲ. ಎಸರಿನ ಬಿಸಿಯಲ್ಲಿಯೇ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಬೇಕು, ಆಗ ಮಾತ್ರ ಹಿಟ್ಟು ಹಿಡಿದು ನಿಲ್ಲುತ್ತದೆ. ಲೋಹದ ತಾಟಾದರೆ ಆ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕಟ್ಟಿಗೆ ಎಳೆದುಕೊಳ್ಳುವುದಿಲ್ಲ. ನಾದುವಾಗ ಹಿಟ್ಟು ಹೊರಗೆ ಚೆಲ್ಲದಂತೆ ಅಂಚು ಬೇಕು, ಕೈ ಆಡಲು ತಳ ಅಗಲವಿರಬೇಕು. ನನ್ನ ಅವ್ವ ಮೊದಲು ಅಂಚಿಗೆ ಅಂಟಿದ ಹಿಟ್ಟನ್ನು ಕಿರುಬೆರಳಿನಿಂದ ಕೆರೆದು ಉಂಡೆಗೆ ಸೇರಿಸಿ, ಆಮೇಲೆ ರೊಟ್ಟಿ ಬಡಿಯಲು ಕೈ ಎತ್ತುತ್ತಿದ್ದಳು. ಒಂದು ಚಿಟಿಕೆ ಹಿಟ್ಟೂ ಉಳಿಯುತ್ತಿರಲಿಲ್ಲ.

ಹೆಸರುಗಳ ಬಗ್ಗೆ ಒಂದು ಮಾತು. ಪರಾತ ಪೋರ್ಚುಗೀಸರಿಂದ ಬಂದದ್ದು, ಅವರ ಭಾಷೆಯಲ್ಲಿ ತಟ್ಟೆಗೆ ‘ಪ್ರಾತು’. ಬಟಾಟೆ, ಪಗಾರ, ಚಾವಿ ಬಂದ ಹಡಗಿನಲ್ಲಿಯೇ ಅದೂ ಇಳಿಯಿತು. ತಬಕು ಅರಬ್ಬಿಯ ‘ತಬಕ್’, ಪಾರ್ಸಿ ಉರ್ದುಗಳನ್ನು ಹಾದು ನಮ್ಮ ಕಡೆ ಬಂತು. ಬೀದರಿನಲ್ಲಿ ಬಿದರಿ ಕೆಲಸದ ತಬಕುಗಳನ್ನು ನೋಡಬೇಕು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣಿನ ನೀರಿನಲ್ಲಿ ಕುದಿಸುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ.

ನಮ್ಮ ಅಡುಗೆಮನೆಯ ಎರಡು ಪಾತ್ರೆಯ ಹೆಸರು ಎರಡು ಸಮುದ್ರ ದಾಟಿ ಬಂದಿದೆ. ಇಂದು ಯಾರೂ ಅವುಗಳನ್ನು ಪರಭಾಷೆಯವು ಎನ್ನುವುದಿಲ್ಲ. ಟ್ರೇಯನ್ನು ಮಾತ್ರ ಹೊಸಿಲಲ್ಲಿ ತಡೆದು ನಿಲ್ಲಿಸುವುದು ಏಕೆ?

ಸಸಿಮಡಿ:

ಕೃಷ್ಣೆಯ ದಡದವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಕೋಲಾರದ ಹತ್ತಿರ ನನ್ನದೊಂದು ಸಸಿ ನರ್ಸರಿ ಇದೆ. ಬೆಳಗಿನಿಂದ ಸಂಜೆಯವರೆಗೆ ನನ್ನ ಬಾಯಲ್ಲಿರುವುದು ಟ್ರೇ. ಸಣ್ಣ ಸಣ್ಣ ಗುಳಿಗಳಿರುವ ತೆಳು ಪ್ಲಾಸ್ಟಿಕ್ಕಿನ ಪ್ರೋಟ್ರೇ. ತರಕಾರಿಗೆ ಹೆಚ್ಚಾಗಿ ಬಳಸುವುದು 98 ಗುಳಿಯದು, ಉದ್ದಕ್ಕೆ ಹದಿನಾಲ್ಕು, ಅಡ್ಡಕ್ಕೆ ಏಳು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿಕೊಡುವುದೂ ಇದನ್ನೇ.

ತೆಂಗಿನ ನಾರಿನ ಪುಡಿ ತುಂಬುತ್ತೇವೆ, ಬೆರಳ ತುದಿಯಿಂದ ಒತ್ತಿ ಗುಳಿಗೊಂದು ಬೀಜ ಹಾಕುತ್ತೇವೆ, ಮೇಲೆ ಪುಡಿ ಉದುರಿಸಿ ಹತ್ತು ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಮುಚ್ಚುತ್ತೇವೆ. ಒಳಗಿನ ಬೆಚ್ಚಗೆಗೆ ಮೊಳಕೆ ಒಡೆಯುತ್ತದೆ. ಆಮೇಲೆ ನೆರಳುಬಲೆಯ ಕೆಳಗೆ ಹರಡುತ್ತೇವೆ. ಟೊಮೆಟೊ ಸಸಿ ಮೂರು ವಾರ ಕಳೆದ ಮೇಲೆ ನಾಟಿಗೆ ಬರುತ್ತದೆ. ಕಾಂಡ ಹಿಡಿದು ಮೆಲ್ಲಗೆ ಎಳೆದರೆ ಬೇರು ಪುಡಿಯನ್ನು ತಬ್ಬಿಕೊಂಡು ಗುಳಿಯ ಆಕಾರದಲ್ಲಿಯೇ ಹೊರಗೆ ಬರುತ್ತದೆ. ನೆಲದ ಮಡಿಯಿಂದ ಕಿತ್ತಾಗ ಬೇರು ಹರಿದು ಸಸಿ ಬಾಡುತ್ತಿದ್ದ ಕಾಲ ನನಗೆ ನೆನಪಿದೆ. ಆ ಕಷ್ಟ ತಪ್ಪಿಸಿದ ವಸ್ತುವಿನ ಹೆಸರನ್ನು ನಾನು ಬದಲಾಯಿಸಲು ಹೋಗುವುದಿಲ್ಲ.

ರೈತರು ಬಂದು “ಎಷ್ಟು ಟ್ರೇ ಇದೆ, ಟ್ರೇಗೆ ಎಷ್ಟು?” ಎಂದು ಕೇಳುತ್ತಾರೆ. ಟ್ರೇಗೆ, ಟ್ರೇಯಲ್ಲಿ, ಟ್ರೇಗಳನ್ನು: ನಮ್ಮ ಪ್ರತ್ಯಯಗಳೆಲ್ಲ ಅದಕ್ಕೆ ಸರಾಗವಾಗಿ ಅಂಟಿಕೊಂಡಿವೆ. ಬೇರುಬಿಳಲು ಅವರು ದ್ರೋಣ ಅಳತೆಯಾಯಿತು ಎಂದು ಬರೆದದ್ದನ್ನು ಓದಿ ಸಂತೋಷವಾಯಿತು, ಏಕೆಂದರೆ ನಮ್ಮಲ್ಲಿ ಟ್ರೇ ಅಳತೆಯೇ ಆಗಿದೆ. ಮೊಟ್ಟೆಯ ಅಂಗಡಿಯಲ್ಲಿ ನೋಡಿ, ಒಂದು ಟ್ರೇ ಎಂದರೆ 30 ಮೊಟ್ಟೆ. ಯಾರೂ ಎಣಿಸುವುದಿಲ್ಲ.

ಸ್ವರ್ಣಗೌರಿ:

ನಾನು ಮೈಸೂರಿನವಳು. ಸಸಿಮಡಿಯವರ ಪ್ರೋಟ್ರೇಯ ಬಗ್ಗೆ ನನ್ನ ತಕರಾರಿಲ್ಲ. ಅದು ಹೊಸ ವಸ್ತು, ಹೆಸರನ್ನು ಜೊತೆಗೇ ತಂದಿತು. ನನ್ನ ನೋವು ಬೇರೆ.

ಕಳೆದ ವರ್ಷ ಗೌರಿ ಹಬ್ಬಕ್ಕೆ ಬಾಗಿನದ ಸಾಮಾನು ತರಲು ಅಂಗಡಿಗೆ ಹೋಗಿದ್ದೆ. ಮೊರ ಕೇಳಿದರೆ, “ಈಗ ಎಲ್ಲರೂ ಟ್ರೇಯಲ್ಲಿಯೇ ಕೊಡುತ್ತಾರೆ” ಎಂದು ಜರಿ ಅಂಟಿಸಿದ ಪ್ಲಾಸ್ಟಿಕ್ ಟ್ರೇ ಮುಂದಿಟ್ಟರು. ಅಕ್ಕಿ, ಬೇಳೆ, ಬೆಲ್ಲ, ಕಾಯಿ, ಬಳೆ, ಕನ್ನಡಿ, ಬಾಚಣಿಗೆ, ಅರಿಸಿನ ಕುಂಕುಮ, ರವಿಕೆ ಕಣ ಎಲ್ಲವೂ ಅದರಲ್ಲಿ ಹಿಡಿಸುತ್ತವೆ, ನಿಜ. ಆದರೆ ಅದು ಮೊರವಲ್ಲ.

ಮೊರ ಏಕೆ ಟ್ರೇ ಅಲ್ಲ ಎಂದು ಹೇಳುತ್ತೇನೆ. ಮೊರಕ್ಕೆ ಅಂಚಿರುವುದು ಮೂರು ಕಡೆ ಮಾತ್ರ. ನಾಲ್ಕನೆಯ ಕಡೆ ತೆರೆದ ಬಾಯಿ. ಆ ಬಾಯಿ ಇರುವುದರಿಂದಲೇ ಕೇರುವಾಗ ಹೊಟ್ಟು ಹಾರಿ ಹೋಗುತ್ತದೆ, ಕಾಳು ಹಿಂದಕ್ಕೆ ಸರಿದು ಬುಡ ಸೇರುತ್ತದೆ. ನಮ್ಮಲ್ಲಿ ಅದರ ಒಂದೊಂದು ಚಲನೆಗೂ ಒಂದು ಮಾತಿದೆ. ಮೇಲಕ್ಕೆ ಚಿಮ್ಮಿಸಿ ಹಿಡಿದರೆ ಕೇರುವುದು, ಅಕ್ಕಪಕ್ಕಕ್ಕೆ ಅಲುಗಿಸಿ ನುಚ್ಚು ಬೇರ್ಪಡಿಸಿದರೆ ಒನೆಯುವುದು, ಗಾಳಿಗೆ ಎತ್ತಿ ಸುರಿದರೆ ತೂರುವುದು. ಮೇದರು ಬಿದಿರು ಸೀಳಿ ಹೆಣೆದು ಕೊಟ್ಟ ಮೊರಕ್ಕೆ ನನ್ನ ಅತ್ತೆ ಮೆಂತ್ಯ ಅರೆದು ಕಾಗದದ ಜೊತೆ ಕಲಸಿ ಮೆತ್ತುತ್ತಿದ್ದರು. ಒಣಗಿದ ಮೇಲೆ ಸಂದು ಮುಚ್ಚಿ ರಾಗಿಯೂ ಸೋರುತ್ತಿರಲಿಲ್ಲ. ವಾರಗಟ್ಟಲೆ ಅಡುಗೆಮನೆ ಮೆಂತ್ಯದ ವಾಸನೆ ಹೊಡೆಯುತ್ತಿತ್ತು.

ನಮ್ಮ ಕಡೆ ಮಾತಿನಲ್ಲಿ ‘ಮರದ ಬಾಗಿನ’ ಎನ್ನುತ್ತೇವೆ. ಹೊಸಬರು ಅದನ್ನು ಕೇಳಿ ಮರದಿಂದ ಮಾಡಿದ್ದು ಎಂದುಕೊಳ್ಳುತ್ತಾರೆ. ಅದು ಮೊರವೇ. ಒಂದು ಮೊರದಲ್ಲಿ ಸಾಮಾನಿಟ್ಟು ಇನ್ನೊಂದನ್ನು ಮೇಲೆ ಮುಚ್ಚಿ, ಸೆರಗಿನ ತುದಿ ಸೇರಿಸಿ ಹಿಡಿದು ಕೊಡಬೇಕು. ಟ್ರೇಗೆ ಮುಚ್ಚಳವೆಲ್ಲಿದೆ?

ನಾನು ಅಂದು ಬರಿಗೈಯಲ್ಲಿ ಹೊರಟು, ಬಸ್ ನಿಲ್ದಾಣದ ಹತ್ತಿರ ಬುಟ್ಟಿ ಹೆಣೆಯುವವರ ಬಳಿ ನಾಲ್ಕು ಜೊತೆ ಮೊರ ತಂದೆ.

ನೇತ್ರಾವತಿ:

ಸ್ವರ್ಣಗೌರಿಯವರ ಮಾತು ಓದಿ ಕಣ್ಣು ತುಂಬಿತು. ನಿಶ್ಚಿತಾರ್ಥಗಳಲ್ಲಿಯೂ ಹೀಗೇ ಆಗಿದೆ. ಮೊದಲು ತಟ್ಟೆ ಬದಲಾಯಿಸುವುದು ಎನ್ನುತ್ತಿದ್ದರು. ಲಗ್ನಪತ್ರಿಕೆ, ಎಲೆ ಅಡಿಕೆ, ಹಣ್ಣು ಇಟ್ಟ ತಟ್ಟೆಯನ್ನು ಎರಡೂ ಮನೆಯ ಹಿರಿಯರು ಒಬ್ಬರಿಗೊಬ್ಬರು ಕೊಟ್ಟರೆ ಮಾತು ಮುಗಿದಂತೆ. ಈಗ ಅದಕ್ಕೆ ಟ್ರೇ ಅಲಂಕಾರದವರು ಬರುತ್ತಾರೆ, ಎಷ್ಟು ಟ್ರೇ ಎಂಬುದೇ ಚರ್ಚೆ.

ಬರ್ಮಿಂಗ್‌ಹ್ಯಾಮ್ ಕನ್ನಡಿಗ:

ಟ್ರೇ ಎಂದರೆ ಮರದ್ದು ಎಂಬ ಅರ್ಥ ಅದರ ತವರಿನಲ್ಲಿಯೇ ಬಹಳ ಹಿಂದೆ ಮಾಸಿಹೋಗಿದೆ. ನಾನಿರುವ ಊರಿನಲ್ಲಿ ಹೆನ್ರಿ ಕ್ಲೇ ಎಂಬವನು 1772ರಲ್ಲಿ ಕಾಗದದ ಹಲಗೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಕಾಗದದ ಹಾಳೆಗಳನ್ನು ಅಚ್ಚಿನ ಮೇಲೆ ಪದರ ಪದರವಾಗಿ ಅಂಟಿಸಿ, ಅಗಸೆ ಎಣ್ಣೆ ಕುಡಿಸಿ, ಬಿಸಿಯಲ್ಲಿ ಒಣಗಿಸಿ, ಕಪ್ಪು ಅರಗಿನಂಥ ಬಣ್ಣ ಬಳಿದು ಹೂಬಳ್ಳಿ ಬರೆಯುತ್ತಿದ್ದರು. ಚಹಾದ ರೂಢಿ ಮನೆಮನೆಗೆ ಹಬ್ಬಿದ್ದ ಕಾಲ ಅದು. ಕುದಿಯುವ ಚಹಾಪಾತ್ರೆ ಇಟ್ಟರೂ ಮೇಲ್ಮೈ ಕೆಡಬಾರದು ಎಂಬುದೇ ಆ ಶ್ರಮದ ಕಾರಣ. ಹತ್ತಿರದ ವುಲ್ವರ್‌ಹ್ಯಾಂಪ್ಟನ್, ಬಿಲ್‌ಸ್ಟನ್‌ಗಳಲ್ಲಿ ಕಬ್ಬಿಣದ ತಗಡಿನಲ್ಲಿ ಅದೇ ಕೆಲಸ ನಡೆಯುತ್ತಿತ್ತು. ವಸ್ತು ಕಾಗದವಾಯಿತು, ತಗಡಾಯಿತು, ಹೆಸರು ಮಾತ್ರ ಮರದ್ದೇ ಉಳಿಯಿತು.

ನನ್ನ ಮನೆಯಲ್ಲಿ ಅತಿಥಿಗಳಿಗೆ ಕಾಫಿ ಕೊಡುವುದು ಮೈಸೂರಿನಿಂದ ತಂದ ಬೀಟೆ ಮರದ ಟ್ರೇಯಲ್ಲಿ. ಬಿಳಿಯ ಬಣ್ಣದ ಮರದ ಚೂರುಗಳನ್ನು ಕೂರಿಸಿದ ಆನೆಯ ಚಿತ್ರ ಅದರ ಮೇಲಿದೆ. ಬೇರುಬಿಳಲು ಅವರ ಬರಹ ಓದಿದ ಮೇಲೆ, ಹೆಸರಿಗೆ ತಕ್ಕ ವಸ್ತು ನನ್ನ ಕೈಯಲ್ಲಿದೆ ಎಂದು ಹೆಮ್ಮೆಯಾಯಿತು.

ಹಿಪ್ಪುನೇರಳೆ:

ರಾಮನಗರದ ಕಡೆ ರೇಷ್ಮೆ ಬೆಳೆಯುವ ಮನೆ ನಮ್ಮದು. ಇಲ್ಲಿ ತಟ್ಟೆ ಎಂದರೆ ಊಟದ ತಟ್ಟೆಯಲ್ಲ, ಹುಳು ಮೇಯಿಸುವ ಬಿದಿರಿನ ದುಂಡು ತಟ್ಟೆ. ಸ್ಟ್ಯಾಂಡಿನಲ್ಲಿ ಅಂತಸ್ತು ಅಂತಸ್ತಾಗಿ ಇಟ್ಟು ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದೆವು. ನೂರಾರು ಹುಳುಗಳು ಒಟ್ಟಿಗೆ ಮೇಯುವಾಗ ಹೆಂಚಿನ ಮೇಲೆ ಜಿಟಿಜಿಟಿ ಮಳೆ ಬಿದ್ದಂಥ ಸದ್ದು ಬರುತ್ತದೆ. ಚಾಕಿ ಹುಳುಗಳನ್ನು, ಅಂದರೆ ಎಳೆಯ ಹುಳುಗಳನ್ನು, ಈಗ ಪ್ಲಾಸ್ಟಿಕ್ಕಿನಲ್ಲಿ ಸಾಕುತ್ತಾರೆ, ಅದಕ್ಕೆ ಟ್ರೇ ಎನ್ನುತ್ತೇವೆ. ಹೀಗೆ ಬಿದಿರಿನದು ತಟ್ಟೆ, ಪ್ಲಾಸ್ಟಿಕ್ಕಿನದು ಟ್ರೇ. ಯಾರೂ ಕೂತು ತೀರ್ಮಾನಿಸಿದ್ದಲ್ಲ, ತಾನಾಗಿ ಆದದ್ದು.

ಮೂರನೆಯದಕ್ಕೆ ಮಾತ್ರ ಯಾವ ಭಾಷೆಯಿಂದಲೂ ಸಾಲ ತರಬೇಕಾಗಿಲ್ಲ. ಅದು ಚಂದ್ರಿಕೆ. ಆರು ಅಡಿಗೆ ನಾಲ್ಕು ಅಡಿಯ ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಹುಳು ಮೇಯುವುದನ್ನು ಬಿಟ್ಟು, ಮೈ ಪಾರದರ್ಶಕವಾಗಿ ಹಳದಿ ಬಣ್ಣಕ್ಕೆ ತಿರುಗಿದಾಗ ‘ಹಣ್ಣಾಯಿತು’ ಎನ್ನುತ್ತೇವೆ. ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆಯ್ದು ಚಂದ್ರಿಕೆಗೆ ಬಿಡಬೇಕು. ಮನೆ ಮಂದಿಯೆಲ್ಲ ಆ ರಾತ್ರಿ ನಿದ್ದೆ ಮಾಡುವುದಿಲ್ಲ. ತಡವಾದರೆ ನೂಲು ವ್ಯರ್ಥ. ಸುರುಳಿಯ ಸಂದಿನಲ್ಲಿ ಹುಳು ತಲೆಯನ್ನು ಆಚೀಚೆ ಆಡಿಸುತ್ತ ಗೂಡು ಕಟ್ಟಲು ಶುರು ಮಾಡುತ್ತದೆ. ಎರಡು ಮೂರು ದಿನದಲ್ಲಿ ಚಂದ್ರಿಕೆಯ ತುಂಬ ಗೂಡು. ಆ ಹೆಸರನ್ನು ಯಾರಿಟ್ಟರೋ, ಅವರಿಗೆ ನಾನು ಕೈ ಮುಗಿಯುತ್ತೇನೆ.

ಪದಸಂಚಿಯವರೇ, ನಮ್ಮ ಮನೆಯಲ್ಲಿ ಊಟದ ತಟ್ಟೆ, ಹುಳುವಿನ ತಟ್ಟೆ ಎಂದು ಬೇರೆ ಮಾಡಿಯೇ ಹೇಳುತ್ತೇವೆ. ತಟ್ಟೆ ಕೆಟ್ಟ ಪದವಲ್ಲ, ಅದಕ್ಕೆ ಮುಂದೊಂದು ಪದ ಸೇರಿಸಿ ನೋಡಿ.

ರಾತ್ರಿಪಾಳಿ:

ಹಿಪ್ಪುನೇರಳೆಯವರ ಸಲಹೆ ಚೆನ್ನಾಗಿದೆ. ನಾವೂ ಬರೀ ಟ್ರೇ ಎನ್ನುವುದು ಅದು ಯಾವುದೆಂದು ಎದುರಿಗಿರುವವರಿಗೆ ಗೊತ್ತಿರುವಾಗ ಮಾತ್ರ. ಹೊಸಬರು ಕೆಲಸಕ್ಕೆ ಬಂದರೆ ಮೊದಲ ವಾರ ಪೂರ್ತಿ ಹೆಸರು ಹೇಳುತ್ತೇವೆ.

ಬೇರುಬಿಳಲು:

ತಟ್ಟೆಯೊಳಗೇ ಚಪ್ಪಟೆ ಎಂಬ ಅರ್ಥವಿದೆ. ತಟ್ಟೆ ಇಡ್ಲಿ ತಿಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಟ್ಟೆಗೇ ಹೇಳುವ ಇನ್ನೊಂದು ಪದ, ತಳಿಗೆ ಎಂಬುದನ್ನು ಯಾರೂ ಹೇಳಲಿಲ್ಲವಲ್ಲ? ಮೇಲುಕೋಟೆಯ ಶ್ರೀವೈಷ್ಣವರ ಮನೆಗಳಲ್ಲಿ ಪೆರುಮಾಳಿಗೆ ಅರ್ಪಿಸುವ ಅಡುಗೆಗೇ ಆ ಹೆಸರು. ಪಾತ್ರೆಯ ಹೆಸರು ಪಾತ್ರೆಯೊಳಗಿನದಕ್ಕೆ ದಾಟಿದೆ.

ಪದಸಂಚಿ:

ಐದು ದಿನ ನಿಮ್ಮ ಮಾತುಗಳನ್ನು ಪಕ್ಕದಲ್ಲಿಟ್ಟುಕೊಂಡು ಕರಡನ್ನು ಮತ್ತೆ ಬರೆದೆ. ಹೀಗೆ ಮಾಡಿದ್ದೇನೆ.

ಬೇಯಿಸುವುದನ್ನು ‘ಬೇಕಿಂಗ್ ಟ್ರೇ’ ಎಂದೇ ಉಳಿಸಿದೆ. ಓವನ್ ನಮ್ಮಲ್ಲಿ ಇರಲಿಲ್ಲ, ಅದರೊಳಗಿನ ಹಳಿಯ ಮೇಲೆ ಜಾರುವ ಚೌಕದ ಲೋಹದ ಪಾತ್ರೆಯೂ ಇರಲಿಲ್ಲ. ಅಂಗಡಿಯಲ್ಲಿ ಕೇಳುವಾಗಲೂ ಜನ ಅದೇ ಹೆಸರು ಹೇಳುತ್ತಾರೆ. ಮೊದಲ ಸಲ ಬರುವಲ್ಲಿ “ಓವನ್ ಜೊತೆಗೆ ಕೊಟ್ಟಿರುವ, ಅಂಚಿರುವ ಲೋಹದ ಟ್ರೇ, ಊಟದ ತಟ್ಟೆಯನ್ನು ಬಳಸಬಾರದು” ಎಂದು ಒಂದು ಸಾಲು ಸೇರಿಸಿದೆ. ಆ ಸಾಲು ಅಮ್ಮನದು. ಉಳಿದ ಎರಡಕ್ಕೆ ಹಿಪ್ಪುನೇರಳೆಯವರ ದಾರಿ ಹಿಡಿದೆ. ಜಿಡ್ಡು ಹಿಡಿಯುವುದು ‘ಜಿಡ್ಡಿನ ತಟ್ಟೆ’, ಬ್ರೆಡ್ಡಿನ ಚೂರು ಬೀಳುವುದು ‘ಪುಡಿ ತಟ್ಟೆ’. ಎರಡೂ ಹೆಸರು ಕೇಳಿದ ಕೂಡಲೇ ಕೆಲಸ ತಿಳಿಯುತ್ತದೆ.

ಕರಡು ತಿದ್ದುವವರಿಗೆ ಉತ್ತರವನ್ನೂ ಕಳಿಸಿದೆ. ಕನ್ನಡದಲ್ಲಿ ಪದವಿಲ್ಲ ಎಂದು ಬರೆಯಲಿಲ್ಲ. ಮರಿಗೆ, ಕೊಣಮಿಗೆ, ಪರಾತ, ತಬಕು, ತಾಟು, ಹರಿವಾಣ, ಮರಾಯಿ, ಮೊರ, ತಡ್ಪೆ, ತಳಿಗೆ, ಚಂದ್ರಿಕೆ ಎಂದು ಸಾಲಾಗಿ ಬರೆದು, ಇವುಗಳಲ್ಲಿ ಒಂದನ್ನೂ ಅದರ ಕೆಲಸದಿಂದ ಎಬ್ಬಿಸಿ ಓವನ್ನಿನೊಳಗೆ ಕೂರಿಸಲು ನನಗೆ ಮನಸ್ಸಾಗಲಿಲ್ಲ ಎಂದು ಬರೆದೆ. ಹಾಗೆಯೇ, ಇನ್ನು ಮುಂದೆ ನನ್ನ ಕೈಗೆ ಬರುವ ಯಾವ ಬರಹದಲ್ಲಿಯೂ ಮೊರಕ್ಕೆ ‘ಬಿದಿರಿನ ಟ್ರೇ’ ಎಂದಿದ್ದರೆ ಅದನ್ನು ತಿದ್ದುತ್ತೇನೆ ಎಂದೂ ಬರೆದೆ. ಹಾಗೆ ಬರೆಯುವುದನ್ನು ನಾನು ಈಗಾಗಲೇ ಎರಡು ಕಡೆ ಓದಿದ್ದೇನೆ.

ಸಸಿಮಡಿ:

ಸರಿಯಾದ ಕೆಲಸ ಮಾಡಿದಿರಿ. ನಮ್ಮ ಮನೆಯಲ್ಲಿ ರಾಗಿ ಕೇರುವುದು ಇಂದಿಗೂ ಮೊರದಲ್ಲಿಯೇ. ಟ್ರೇ ನರ್ಸರಿಯ ಗೇಟು ದಾಟಿ ಅಡುಗೆಮನೆಗೆ ಬಂದಿಲ್ಲ.

ಶಿರಸಿ ಸೀಮೆ:

ಪದಸಂಚಿಯವರು ಕೇಳಿದ್ದರು, ಅದಕ್ಕೆ ಉತ್ತರ. ಮರಿಗೆಯನ್ನು ಕೊಟ್ಟಿಗೆಯ ಪಕ್ಕದ ಕಲ್ಲಿನ ಬಾನಿಯಲ್ಲಿ ಮುಳುಗಿಸಿ, ತೇಲದಂತೆ ಮೇಲೊಂದು ಒರಳಿನ ಗುಂಡು ಇಟ್ಟಿದ್ದೆವು. ಮೂರು ದಿನ ನೀರು ಕಂದು ಬಣ್ಣವಾಯಿತು, ಬದಲಾಯಿಸಿದೆವು. ಇಂದು ಬೆಳಿಗ್ಗೆ ಎತ್ತಿ ನೋಡಿದೆ. ಮರ ಉಬ್ಬಿದೆ. ಬಿರುಕಿನಲ್ಲಿ ಈಗ ಉಗುರು ಹೋಗುವುದಿಲ್ಲ, ಗೆರೆ ಮಾತ್ರ ಕಾಣುತ್ತದೆ. ಒಳಗೆ ನೀರು ತುಂಬಿಸಿ ಒಂದು ಗಂಟೆ ಜಗುಲಿಯ ಮೇಲಿಟ್ಟೆ. ತಳ ಒರೆಸಿದ ಬಟ್ಟೆ ಒಣಗಿಯೇ ಇತ್ತು. ಬಿಸಿಲಿಗೆ ಇಟ್ಟರೆ ಮತ್ತೆ ಬಿಡುತ್ತದೆಂದು ಅಪ್ಪ ನೆರಳಿನಲ್ಲಿ ಕವುಚಿ ಹಾಕಿದ್ದಾರೆ. ನಾಳೆ ಸಂತೆಯಿಂದ ಕಲ್ಲುಪ್ಪು ತರುತ್ತೇನೆ.